ಕಿವಿಗಿಟ್ಟು ನೋಡಿದ ಸ್ವಿಚ್ಚು

ಹೊನ್ನಾಳಿ
7-10-2024

ಪಾಲಣ್ಣನಿಗೆ ನನ್ನೇಸಾಬನ ಸಲಾಮು.

ಮತ್ತೆ ಅದೇ ಡಬ್ಬಿ ವಾಪಸ್ ಬಂತಲ್ಲಯ್ಯ! ಕಂಡಕ್ಟರ್ ಬಸ್ಸಿನಿಂದ ಇಳಿಯಲೂ ಇಲ್ಲ, ಕಿಟಕಿಯಿಂದಲೇ ಕೈ ಚಾಚಿ ಕೊಟ್ಟ.

"ಸಾಬ್ರೆ, ಈ ಡಬ್ಬಿಗೆ ಒಂದು ಪಾಸ್ ಮಾಡ್ಸಿಬಿಡ್ರಿ. ನನಗಿಂತ ಇದೇ ಜಾಸ್ತಿ ಓಡಾಡ್ತೈತೆ."

"ಜಗಳೂರಲ್ಲಿ ಇದಕ್ಕೆ ಹೆಣ್ಣು ನೋಡ್ತಾ ಇದೀವಪ್ಪ. ಹೋದ ಸಲಾನೂ ಒಪ್ಲಿಲ್ಲ, ಈ ಸಲಾನೂ ಒಪ್ಲಿಲ್ಲ" ಅಂದೆ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನೀನು ಮಾತ್ರ ನಗಬೇಡ, ನನಗೆ ಸಿಟ್ಟು ಬಂದಿದೆ.

ಚೀಟಿಯಲ್ಲಿ "ಸ್ವಿಚ್ ಸತ್ತಿದೆ, ಸದ್ದಿಲ್ಲ" ಎಂದು ಬರೆದು ಮುಗಿಸಿದ್ದೀಯ. ಸತ್ತವರ ಸುದ್ದಿಯನ್ನು ಇಷ್ಟು ಚಿಕ್ಕದಾಗಿ ಯಾರೂ ಬರೆಯುವುದಿಲ್ಲ. ನಾನು ಡಬ್ಬಿ ಬಿಚ್ಚಿ, ಮೆಕ್ಕೆಜೋಳದ ಧೂಳು ಊದಿ, ನ್ಯಾಮತಿ ರೈಸ್‌ಮಿಲ್ಲಿನಲ್ಲಿ ಜಮೀರ್ ಉಸ್ತಾದರು ನಮ್ಮಿಬ್ಬರಿಗೂ ಕಲಿಸಿದ ಹಾಗೆ ಕಿವಿಗಿಟ್ಟು ಒತ್ತಿದೆ. ಟಿಕ್ ಅಂತು. ಬಿಟ್ಟೆ. ಮತ್ತೆ ಟಿಕ್ ಅಂತು. ಉಸ್ತಾದರ ಮಾತು ನೆನಪಿದೆಯಾ? "ಕಿವಿಗಿಟ್ಟು ನೋಡ್ದೆ ಯಾವ ಸ್ವಿಚ್ಚೂ ಮೇಲಕ್ಕೆ ಹತ್ತಿಸ್ಬೇಡ್ರಿ. ಟಿಕ್ ಅಂದ್ರೆ ಬದುಕೈತೆ, ಅನ್ನಲಿಲ್ಲಾಂದ್ರೆ ಸತ್ತೈತೆ." ಅವರ ಲೆಕ್ಕದಲ್ಲಿ ನಿನ್ನ ಸ್ವಿಚ್ಚು ನನಗಿಂತ ಗಟ್ಟಿಯಾಗಿ ಬದುಕಿದೆ. ನನ್ನನ್ನು ಒತ್ತಿದರೆ ಮಂಡಿ ಮಾತ್ರ ಟಿಕ್ ಅನ್ನುತ್ತೆ.

ನನ್ನ ಮನೆಯವಳು ಶಹರಬಾನು ಕೇಳಿದಳು, "ಅಂಗೈಯಗಲ ಇಲ್ಲ, ಇದಕ್ಯಾಕೆ ಇಷ್ಟೊಂದು ಓಡಾಟ?" ಅಂತ. ಅವಳಿಗೆ ಹೇಳಿದೆ. ಜಗಳೂರಿನ ಗೋಡೌನಿನಲ್ಲಿ ಮೆಕ್ಕೆಜೋಳದ ಚೀಲ ಅಟ್ಟಕ್ಕೆ ಏರಿಸುವ ಲಿಫ್ಟ್ ಇದೆ. ಕಬ್ಬಿಣದ ತೊಟ್ಟಿಲು, ತಂತಿಹಗ್ಗ, ಒಂದು ಮೋಟಾರು. ತೊಟ್ಟಿಲು ತುದಿ ಮುಟ್ಟುವ ಮೊದಲು ಈ ಸ್ವಿಚ್ಚಿನ ತೋಳಿಗೆ ತಾಗುತ್ತೆ, ತೋಳು ವಾಲುತ್ತೆ, ಕರೆಂಟು ಕಡಿದು ಮೋಟಾರು ನಿಲ್ಲುತ್ತೆ. ಅದಕ್ಕೇ ಇದಕ್ಕೆ ಲಿಮಿಟ್ ಸ್ವಿಚ್ ಅನ್ನುವುದು. ಇದಿಲ್ಲದಿದ್ದರೆ ತೊಟ್ಟಿಲು ಹೋಗಿ ತೊಲೆಗೆ ಹೊಡೆಯುತ್ತೆ, ಹಗ್ಗ ಹರಿಯುತ್ತೆ, ಅಷ್ಟೂ ಚೀಲ ಕೆಳಗೆ ಬೀಳುತ್ತವೆ. ಕೆಳಗೆ ಪಾಲಣ್ಣನ ಹೆಂಡತಿ ಕಾಟಮ್ಮ ಉದುರಿದ ಕಾಳು ಗುಡಿಸುತ್ತ ಕೂತಿರುತ್ತಾಳೆ, ಅಂದೆ. 

ಅದಕ್ಕೇ ಇದು ಸಿಟ್ಟಿನ ಕಾಗದ. ಸ್ವಿಚ್ಚು ಚೆನ್ನಾಗಿದೆ, ಕಳಿಸಿದ್ದೇನೆ, ಏರಿಸಿ ಕೂರಿಸು. ಅಲ್ಲಿಯವರೆಗೆ ಲಿಫ್ಟು ಓಡಿಸಬೇಡ. ಫೋನ್ ಯಾಕೆ ಎತ್ತುವುದಿಲ್ಲ? ಬಡ್ಕೊಂಡು ಬಡ್ಕೊಂಡು ನನ್ನ ಫೋನಿಗೇ ನಾಚಿಕೆ ಆಗಿದೆ.

ಶಹರಬಾನು ನಿನ್ನನ್ನು ಕೇಳಿದಳು ಎಂದು ಬರೆಯಬೇಕಿತ್ತು. ಕೇಳಲಿಲ್ಲ. ಮಗಳು ಸಾಜಿದಾಳ ಮದುವೆಯಾದ ಮೇಲೆ ನಿನ್ನ ಹೆಸರು ಅವಳ ಬಾಯಲ್ಲಿ ಬಂದಿಲ್ಲ.

ನಿನ್ನ
ನನ್ನೇಸಾಬ


ಜಗಳೂರು
13-10-2024

ಸಾಬಣ್ಣ,

ನೀನು ಬದುಕಿದೆ ಎಂದ ಸ್ವಿಚ್ ಇಲ್ಲಿಗೆ ಬರುವಷ್ಟರಲ್ಲಿ ಸತ್ತಿದೆ. ಏಣಿ ಹತ್ತುವ ಮೊದಲು ಕಿವಿಗಿಟ್ಟೆ. ಎಡಗಿವಿಗೂ ಇಟ್ಟೆ. ಕಲ್ಲು ಕಿವಿಗಿಟ್ಟ ಹಾಗಿದೆ. ಸತ್ತದ್ದನ್ನು ಯಾಕೆ ಮೇಲೆ ಕೂರಿಸಲಿ. ವಾಪಸ್ ಕಳಿಸಿದ್ದೇನೆ. ಬೇರೆ ಹೊಸದು ಕಳಿಸು.

ಹೊಸ ಬೆಳೆ ಬರಲು ಶುರುವಾಗಿದೆ. ಬಾಗಿಲ ಮುಂದೆ ಟ್ರ್ಯಾಕ್ಟರು ಸಾಲುಗಟ್ಟಿವೆ. ಮಾಲೀಕರು ಮಹೇಶ್ವರಪ್ಪನವರು ಸ್ವಿಚ್ ಬರುವ ತನಕ ಅದರ ಎರಡು ವೈರು ನೇರ ಸೇರಿಸಿ ಓಡಿಸು ಅಂದರು. ಸೇರಿಸಿದ್ದೇನೆ. ಅಟ್ಟದಲ್ಲಿ ಹಮಾಲ ಆಂಜನೇಯ ಇರುತ್ತಾನೆ. ಅವನು ಕೈ ಎತ್ತುತ್ತಾನೆ, ನಾನು ಕೆಳಗೆ ಬಟನ್ ಬಿಡುತ್ತೇನೆ. ನನ್ನ ಕಣ್ಣು ಚೆನ್ನಾಗಿವೆ.

ಫೋನ್ ಮಾಡಬೇಡ. ಇಲ್ಲಿ ಮೆಷಿನ್ ಸದ್ದು. ಜನ ಬೇರೆ ಈಚೆಗೆ ಬಾಯೊಳಗೇ ಮಾತಾಡುತ್ತಾರೆ, ಗಟ್ಟಿಯಾಗಿ ಯಾರೂ ಹೇಳುವುದಿಲ್ಲ. ಬರೆದರೆ ಸಾಕು.

ಪಾಲಣ್ಣ


ಹೊನ್ನಾಳಿ
16-10-2024

ಪಾಲಣ್ಣ,

ನಿನ್ನ ಕಾಗದ ಓದಿ ಅಂಗಡಿ ಬಾಗಿಲು ಅರ್ಧ ಹಾಕಿ ಕೂತೆ. ವೈರು ಸೇರಿಸಿದ್ದೀಯಾ? ನೀನು? ನ್ಯಾಮತಿ ಮಿಲ್ಲಿನಲ್ಲಿ ಒಬ್ಬ ಹೊಸಬ ಸ್ವಿಚ್ಚಿನ ತೋಳು ವಾಲದ ಹಾಗೆ ಗೋಣಿದಾರ ಕಟ್ಟಿದ್ದಕ್ಕೆ ಉಸ್ತಾದರಿಗಿಂತ ಮೊದಲು ಅವನ ಕಪಾಳಕ್ಕೆ ಬಾರಿಸಿದವನು ನೀನಲ್ಲವಾ?

ವಾಪಸ್ ಬಂದದ್ದನ್ನು ಈ ಸಲ ಕಿವಿಗೆ ಮಾತ್ರ ಇಡಲಿಲ್ಲ, ಬಲ್ಬು ಹಾಕಿಯೂ ನೋಡಿದೆ. ಒತ್ತಿದರೆ ಆರುತ್ತೆ, ಬಿಟ್ಟರೆ ಹತ್ತುತ್ತೆ. ಟಿಕ್ ಅಂದರೆ ಎಂಥಾ ಟಿಕ್! ಪಕ್ಕದ ಅಂಗಡಿಯ ಮೇಕೆ ಮೇವು ಬಿಟ್ಟು ತಲೆ ಎತ್ತಿತು. ಆದರೂ ನಿನ್ನ ಮಾತಿಗೆ ಬೆಲೆ ಕೊಟ್ಟು, ದಾವಣಗೆರೆಯಿಂದ ತರಿಸಿದ ಹೊಚ್ಚಹೊಸದನ್ನು ಕಳಿಸುತ್ತಿದ್ದೇನೆ. ಸೀಲ್ ನಾನು ಬಿಚ್ಚಿಲ್ಲ. ಬಿಚ್ಚಿ, ಇವತ್ತೇ ಕೂರಿಸು.

ಈ ವರ್ಷ ಎಲ್ಲರಿಗೂ ಇದೇ ಬೇಕು ನೋಡು. ಚನ್ನಗಿರಿ ಕಡೆ ಒಬ್ಬರು ಅಡಿಕೆ ಬೇಯಿಸುವ ಹಂಡೆಯಿಂದ ಜಾಲರಿ ಎತ್ತುವುದಕ್ಕೆ ಮೋಟಾರು ಹಾಕಿಸಿದರು, ಅದಕ್ಕೆ ಮೇಲೊಂದು ಕೆಳಗೊಂದು ಕೂರಿಸಿದೆ. ಇಲ್ಲಿ ಸರ್ವಮಂಗಳಮ್ಮನವರ ಖಾರ ಕುಟ್ಟುವ ಮೆಷಿನ್ನಿನ ಬಾಗಿಲಿಗೆ ಒಂದು ಹಾಕಿಕೊಟ್ಟೆ. ಬಾಗಿಲು ತೆಗೆದರೆ ಕುಟ್ಟುವುದು ನಿಲ್ಲುತ್ತೆ, ಕೈ ಉಳಿಯುತ್ತೆ. ಮಾರನೇ ದಿನ ಬಂದು ನನ್ನ ಜೊತೆ ಜಗಳ.

"ಏನ್ ಮಾಡಿಟ್ಟೀರಿ ಸಾಬ್ರೆ? ಇಣುಕಿ ನೋಡಿದ್ರೆ ಸಾಕು, ಹೊಸ ಸೊಸೆ ಥರ ಮುನಿಸ್ಕಂಡು ನಿಂತ್ಬಿಡ್ತೈತೆ."

"ಮುನಿಸ್ಕಂಡ್ರೂ ಕೈ ಕಚ್ಚಲ್ಲವಲ್ಲಮ್ಮ" ಅಂದೆ. ನಕ್ಕು ಒಂದು ಪೊಟ್ಟಣ ಖಾರದಪುಡಿ ಕೊಟ್ಟು ಹೋದರು. ನಮ್ಮ ಕಸುಬು ಇಷ್ಟೇ ಅಲ್ಲವಾ ಪಾಲಣ್ಣ. ಎಲ್ಲಿ ನಿಲ್ಲಬೇಕು ಅಂತ ಮೆಷಿನ್ನಿಗೆ ಗೊತ್ತಿಲ್ಲ, ನಾವು ಒಂದು ಕಡೆ ಕೂತು ಹೇಳಬೇಕು.

ಇನ್ನೊಂದು ಮಾತು. ಬರೆಯಬಾರದು ಅಂದುಕೊಂಡಿದ್ದೆ. ಆದರೆ ಒಳಗಿಟ್ಟುಕೊಂಡರೆ ನನ್ನ ತಮಾಷೆಗೆಲ್ಲ ತುಕ್ಕು ಹಿಡಿಯುತ್ತೆ.

ಕೆರೆಬಿಳಚಿಯಲ್ಲಿ ಸಾಜಿದಾಳ ಮದುವೆಗೆ ನೀನು ಬಂದೆ. ಹೆಗಲ ಮೇಲೆ ಕುರ್ಚಿ ಹೊತ್ತೆ, ಸೀರಿಯಲ್ ಸೆಟ್ ಕಟ್ಟಿದೆ. ಊಟದ ಹೊತ್ತಿಗೆ ಎದ್ದು ಹೋದೆ. ಶಹರಬಾನು ತಟ್ಟೆ ಹಿಡಿದುಕೊಂಡು ಬಾಗಿಲಿಂದ ಕರೆದಳು. ನೀನು ತಿರುಗಿ ಕೂಡ ನೋಡಲಿಲ್ಲವಂತೆ. ಅವಳು ಅತ್ತು ನನಗೆ ಹೇಳಿದ್ದು ಇಷ್ಟು: "ಪಾಲಣ್ಣಾನೂ ಈಗ ಬೇರೆಯವರ ಥರ ಆಗ್ಬಿಟ್ಟಾನೆ ಕಣ್ರಿ. ನಮ್ಮನೇಲಿ ಉಣ್ಣಲ್ಲ." ನಾನು ಇಲ್ಲ ಅಂದೆ. ಮಿಲ್ಲಿನಲ್ಲಿ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು, ನೀನು ನನ್ನ ಪಾಲಿನ ಮೊಟ್ಟೆ ಕದ್ದವನು, ಅಂದೆ. ಅವಳು ನಂಬಲಿಲ್ಲ. ಈ ಕಾಲದಲ್ಲಿ ಯಾರನ್ನು ನಂಬಿಸುವುದೂ ಕಷ್ಟ. ಯಾಕೆ ಉಣ್ಣಲಿಲ್ಲ ಪಾಲಣ್ಣ?

ಉತ್ತರ ಬರೆಯದಿದ್ದರೂ ಸರಿ. ಸ್ವಿಚ್ಚು ಮಾತ್ರ ಕೂರಿಸು.

ನಿನ್ನ
ನನ್ನೇಸಾಬ


ಜಗಳೂರು
22-10-2024

ಸಾಬಣ್ಣ,

ಸೀಲ್ ನಾನೇ ಬಿಚ್ಚಿದೆ. ಹೊಸದೂ ಸತ್ತಿದೆ. ಈಗ ನೀನು ಅಂಗಡಿಯಲ್ಲಿ ಕಸ ಮಾರುತ್ತಿದ್ದೀಯಾ? ಉಸ್ತಾದರು ಇದ್ದಿದ್ದರೆ ನಿನ್ನ ಕಿವಿ ಹಿಂಡುತ್ತಿದ್ದರು.

ಊಟದ ಮಾತು ಎತ್ತಿದ್ದೀಯ. ನಾನೂ ಎತ್ತುತ್ತೇನೆ. ಅವತ್ತು ನಾನು ಕೈಕಾಲು ತೊಳೆದುಕೊಂಡು ಚಪ್ಪರದ ಕಂಬಕ್ಕೆ ಒರಗಿ ಕಾದೆ. ಒಂದು ಪಂಕ್ತಿ ಎದ್ದಿತು, ಇನ್ನೊಂದು ಕೂತಿತು. ನನ್ನನ್ನು ಯಾರೂ ಕರೆಯಲಿಲ್ಲ. ಮಗಳ ಮದುವೆ, ದೊಡ್ಡವರೆಲ್ಲ ಬಂದಿದ್ದಾರೆ, ವೈರು ಎಳೆಯುವವನ ನೆನಪು ಯಾರಿಗಿರುತ್ತೆ ಅಂದುಕೊಂಡೆ. ಹಸಿದುಕೊಂಡೇ ಬಸ್ ಹತ್ತಿದೆ. ಚನ್ನಗಿರಿ ಸ್ಟ್ಯಾಂಡಿನಲ್ಲಿ ಬನ್ನು ತಿಂದೆ.

ಬಾನಕ್ಕ ಕರೆದಳು ಎಂದು ಸುಳ್ಳು ಬರೆಯಬೇಡ. ಕರೆದಿದ್ದರೆ ನಾನು ಬರುತ್ತಿರಲಿಲ್ಲವಾ?

ಸ್ವಿಚ್ ಈ ಡಬ್ಬಿಯಲ್ಲೇ ಇದೆ. ನೋಡಿಕೊ.

ಪಾಲಣ್ಣ


ಹೊನ್ನಾಳಿ
26-10-2024

ಪಾಲಣ್ಣ,

ನಿನ್ನ ಕಾಗದ ಶಹರಬಾನುಗೆ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. "ಕಾದಿದ್ನಂತಾ?" ಅಂದಳು. ಇನ್ನೊಂದು ಸಲ ಓದಿಸಿದಳು. "ನಾನು ಕರ್ದದ್ದು ಬೀದಿಗೆಲ್ಲ ಕೇಳೈತೆ ಕಣ್ರಿ. ಆಚೆ ಮನೆ ನುಜಹತ್ ಕೂಡ ಅವನಿಗೆ ಕೈ ಮಾಡಿದ್ಲು, ಅವನ ಮುಖ ಈ ಕಡೆ ಇರ್ಲಿಲ್ಲ."

ಆಮೇಲೆ ಒಲೆ ಸಣ್ಣ ಮಾಡಿ, ಹಿಟ್ಟಿನ ಕೈ ಒರೆಸಿಕೊಂಡು, "ಆ ಸ್ವಿಚ್ ಇಲ್ಲಿ ಕೊಡ್ರಿ" ಅಂದಳು. ಕೊಟ್ಟೆ. ಇಷ್ಟು ವರ್ಷದಲ್ಲಿ ನನ್ನ ಸಾಮಾನು ಮುಟ್ಟಿದವಳಲ್ಲ. ತನ್ನ ಕಿವಿಗಿಟ್ಟುಕೊಂಡು ಒತ್ತಿದಳು. ನನ್ನ ಮುಖ ನೋಡಿದಳು. ಮತ್ತೆ ಒತ್ತಿದಳು. ಎರಡು ಸಲವೂ ಟಿಕ್ ಅಂತು.

ರೊಟ್ಟಿ ಸೀದು ಹೋಯಿತು. ಇಬ್ಬರೂ ಎದ್ದು ತಿರುವಲಿಲ್ಲ.

ಇನ್ನೇನೂ ಬರೆಯುವುದಿಲ್ಲ. ಮಂಗಳವಾರ ನಾನೇ ಬರುತ್ತೇನೆ. ಅಲ್ಲಿಯವರೆಗೆ ನನ್ನ ಮೇಲೆ ಆಣೆ ಇಟ್ಟು ಹೇಳುತ್ತೇನೆ, ಕಾಟಮ್ಮ ಆ ತೊಟ್ಟಿಲ ಅಡಿ ಗುಡಿಸಬಾರದು.

ನನ್ನೇಸಾಬ


ಹೊನ್ನಾಳಿ
30-10-2024

ಪಾಲಣ್ಣ,

ನಿನ್ನೆ ನಡೆದದ್ದನ್ನು ನೀನೂ ನೋಡಿದೆ, ನಾನೂ ನೋಡಿದೆ. ಆದರೆ ನಿನಗೆ ಸಿಕ್ಕಿದ್ದು ಕಣ್ಣಿನ ಪಾಲು ಮಾತ್ರ. ಕಿವಿಯ ಪಾಲು ನನ್ನ ಹತ್ತಿರ ಉಳಿದುಬಿಟ್ಟಿದೆ. ಅದನ್ನು ನಿನಗೆ ಮುಟ್ಟಿಸದೆ ನನಗೆ ಅನ್ನ ಇಳಿಯುವುದಿಲ್ಲ.

ನಾನು ಬಂದಾಗ ನೀನು ಬೆನ್ನು ಮಾಡಿ ನಿಂತಿದ್ದೆ. ಕೈಯಲ್ಲಿ ಬಟನ್ ಡಬ್ಬಿ, ಕಣ್ಣು ಅಟ್ಟದ ಮೇಲೆ. ಬಾಗಿಲಿಂದ "ಲೇ ಪಾಲಾ!" ಎಂದು ಕೂಗಿದೆ. ಮಿಲ್ಲಿನಲ್ಲಿ ಎಲ್ಲ ಮೆಷಿನ್ನೂ ಓಡುವಾಗಲೂ ನೀನು ಈ ಕೂಗಿಗೆ ತಿರುಗುತ್ತಿದ್ದವನು. ಚೀಲ ಹೊಲಿಯುತ್ತಿದ್ದ ಹನುಮಂತಮ್ಮ ತಿರುಗಿದರು. ಹಮಾಲರು ತಿರುಗಿದರು. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ನಿಂತಿತು. ನೀನು ತಿರುಗಲಿಲ್ಲ. 

ತೊಟ್ಟಿಲು ಚೀಲ ಹೊತ್ತು ಏರುತ್ತಿತ್ತು. ಮೇಲೆ ಆಂಜನೇಯನ ಕೈಯಲ್ಲಿ ಒಂದು ಚೀಲ ಬಾಯಿ ಬಿಚ್ಚಿಕೊಂಡು ಜೋಳ ಸುರಿಯುತ್ತಿತ್ತು. ಎರಡೂ ಕೈಯಿಂದ ಅದನ್ನು ಅಮುಕಿ ಹಿಡಿದಿದ್ದ. ನಿನಗೆ ಕೈ ಮಾಡಲು ಅವನಿಗೆ ಕೈ ಇರಲಿಲ್ಲ. ಅದಕ್ಕೇ ಅವನು ಕೂಗಿದ. ಇದು ನಿನಗೆ ಗೊತ್ತಿಲ್ಲ. "ಅಣ್ಣೋ, ನಿಲ್ಸು! ನಿಲ್ಸಣ್ಣೋ!" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಸೂರಿನ ಪಾರಿವಾಳಗಳೆಲ್ಲ ಎದ್ದು ಹೋದವು. ನೀನು ಅವನ ಕೈ ಯಾವಾಗ ಏಳುತ್ತೆ ಎಂದು ಕಾಯುತ್ತ ಬಟನ್ ಒತ್ತಿಕೊಂಡೇ ಇದ್ದೆ. ಅಡಿಯಲ್ಲಿ ಕಾಟಮ್ಮ ಪೊರಕೆ ಹಿಡಿದು ಬಗ್ಗಿದ್ದಳು. ಬೇಡ ಎಂದು ಬರೆದಿದ್ದೆನಲ್ಲೋ.

ಆಮೇಲೆ ತೊಟ್ಟಿಲು ತೊಲೆಗೆ ಹೊಡೆದ ಸದ್ದು. ಅದು ನಿನ್ನ ಕಾಲಿಗೆ ತಾಗಿರಬೇಕು, ನೆಲ ಅದುರಿತು. ಆದರೆ ಹಗ್ಗ ಕಿರುಚಿದ್ದು ನಿನಗೆ ಗೊತ್ತಿಲ್ಲ. ತಂತಿಹಗ್ಗ ಒಂದೊಂದೇ ಎಳೆ ಹರಿಯುವಾಗ ಕಿರುಚುತ್ತೆ ಪಾಲಣ್ಣ. ನಾನು ಓಡಿಬಂದು ನಿನ್ನ ಕೈಮೇಲೆ ಕೈ ಹಾಕಿ ಕೆಂಪು ಬಟನ್ ಗುದ್ದಿದೆ. ಅಷ್ಟರಲ್ಲಿ ಒಂದು ಕೊಕ್ಕೆ ಬಿಚ್ಚಿ ತೊಟ್ಟಿಲು ವಾಲಿತು. ಆಂಜನೇಯನ ಕೂಗಿಗೇ ಎದ್ದಿದ್ದ ಹನುಮಂತಮ್ಮ ಕಾಟಮ್ಮನ ಸೆರಗು ಹಿಡಿದು ಎಳೆದುಕೊಂಡರು. ಚೀಲ ಬಿದ್ದದ್ದು ಪೊರಕೆಯ ಮೇಲೆ.

ಆಗ ನೀನು ನನ್ನ ಮುಖ ನೋಡಿದೆ. ಆಮೇಲೆ ಅವರೆಲ್ಲರ ಮುಖ ನೋಡಿದೆ. ಎಲ್ಲರೂ ಕಿವಿ ಮುಚ್ಚಿಕೊಂಡಿದ್ದರು. ನೀನೊಬ್ಬ ಮುಚ್ಚಿಕೊಂಡಿರಲಿಲ್ಲ. ನಿನಗೆ ತಿಳಿಯಿತು ಎಂಬುದು ನನಗೆ ಅಲ್ಲೇ ತಿಳಿಯಿತು.

ಕಾಟಮ್ಮ ಟೀ ಕೊಡುವ ನೆಪದಲ್ಲಿ ನನ್ನನ್ನು ಹೊರಗೆ ಕರೆದು ಹೇಳಿದ್ದನ್ನೂ ಬರೆಯುತ್ತೇನೆ. ಮುಚ್ಚಿಟ್ಟು ಮುಚ್ಚಿಟ್ಟು ಇಲ್ಲಿಗೆ ಬಂದಿದ್ದೇವೆ.

"ನನಗೆ ಗೊತ್ತೈತಣ್ಣ. ಮನೇಲಿ ನಾನು ಕೂಗೋದೇ ಬಿಟ್ಟು ವರ್ಷ ಆಯ್ತು. ಭುಜ ಮುಟ್ಟಿ ಕರೀತೀನಿ. ಇಲ್ಲಿ ಯಾರಿಗಾನ ಹೇಳಿದ್ರೆ ಕೆಲಸ ಹೋಗ್ತೈತೆ. ಅವ್ರಿಗೆ ಹೇಳಿದ್ರೆ ಅವ್ರೇ ಹೋಗಿಬಿಡ್ತಾರೆ. ನಾನು ಯಾವ ಬಾಯಲ್ಲಿ ಹೇಳ್ಲಿ?"

"ಅಡೀಲಿ ಯಾಕೆ ಕೂತ್ಕಂತೀಯಮ್ಮ? ನಾನು ಬರ್ದಿರ್ಲಿಲ್ವಾ?"

"ನಾನು ಕೂತಿದ್ರೆ ಅವ್ರು ಹುಷಾರಾಗಿ ಓಡಿಸ್ತಾರೆ ಅಂತ."

 ಇದಕ್ಕೆ ಉತ್ತರ ನೀನೇ ಅವಳಿಗೆ ಹೇಳು.

ಆಮೇಲೆ ನಾನು ಏಣಿ ಹತ್ತಿ ಸ್ವಿಚ್ಚು ಕೂರಿಸಿದ್ದನ್ನು ನೀನು ನೋಡಿದೆ. ಅದು ನೀನು ಸತ್ತಿದೆ ಎಂದು ಮೊದಲು ಕಳಿಸಿದ್ದೇ. ಬೇರೆ ಅಲ್ಲ. ಪಾಲಣ್ಣ, ಯಾವ ಸ್ವಿಚ್ಚೂ ಸತ್ತಿರಲಿಲ್ಲ. ಎಲ್ಲವೂ ಟಿಕ್ ಅನ್ನುತ್ತಲೇ ಇದ್ದವು. ಅದರ ಪಕ್ಕದಲ್ಲೇ ಒಂದು ಕೆಂಪು ಬಲ್ಬು ಹಾಕಿದ್ದೇನೆ. ತೋಳು ವಾಲಿದರೆ ಅದು ಹತ್ತುತ್ತೆ. ಟಿಕ್ ಅನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದ್ದೇನೆ, ಅಷ್ಟೇ ನನ್ನ ಕೈಲಾದದ್ದು. ಹಗ್ಗ ಬದಲಾಯಿಸುವ ತನಕ ಲಿಫ್ಟು ಏಳುವುದಿಲ್ಲ, ಫ್ಯೂಸು ನನ್ನ ಜೇಬಿನಲ್ಲಿದೆ.

ಆದರೆ ಬಲ್ಬು ಇದೆ ಎಂದು ಮತ್ತೆ ಬಟನ್ ಹಿಡಿಯಬೇಡ. ಸ್ವಿಚ್ಚಿಗೆ ಗೊತ್ತಿರುವುದು ತುದಿ ಮಾತ್ರ. ನಡುವೆ ಯಾರ ಕೈ ಸಿಕ್ಕಿಕೊಂಡಿತು, ಯಾರು ಕೂಗಿದರು, ಅದಕ್ಕೆ ಗೊತ್ತಿಲ್ಲ. ಅದು ಓಡಿಸುವವನ ಕಿವಿಗೆ ಬಿಟ್ಟದ್ದು. ಆ ಕಿವಿ ಈಗ ನಿನ್ನ ಹತ್ತಿರ ಇಲ್ಲ.

ಮಹೇಶ್ವರಪ್ಪನವರು ನಿನ್ನೆ ಊರಲ್ಲಿರಲಿಲ್ಲ. ಕೊಕ್ಕೆ ಬಿಚ್ಚಿತು ಎಂದಷ್ಟೇ ಅವರಿಗೆ ಗೊತ್ತು. ನಾನು ಹೇಳಿಲ್ಲ. ನೀನೇ ಹೇಳಬೇಕು. ದೀಪಾವಳಿಗೆ ಗೋಡೌನ್ ಮುಚ್ಚಿರುತ್ತದಲ್ಲ, ತೆಗೆಯುವ ಮೊದಲು ಹೇಳು. ನೀನು ಹೇಳದಿದ್ದರೆ ನಾನು ಬಸ್ ಹತ್ತಿ ಬಂದು ಹೇಳುತ್ತೇನೆ. ಆಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ. ಕಾಟಮ್ಮನ ಮುಖ ನೋಡುತ್ತಿರುತ್ತೀಯಲ್ಲ.

ಈ ಕಾಗದದಲ್ಲಿ ಒಂದೂ ತಮಾಷೆ ಬರಲಿಲ್ಲ, ನೋಡು.

ನಿನ್ನ
ನನ್ನೇಸಾಬ


ಜಗಳೂರು
24-11-2024

ಸಾಬಣ್ಣ,

ಹೇಳಿದೆ. ಹಬ್ಬದ ಮಾರನೇ ದಿನವೇ ಅವರ ಮನೆಗೆ ಹೋಗಿ ಹೇಳಿದೆ. ನಿನಗೆ ಬರೆಯಲು ಮಾತ್ರ ಇಷ್ಟು ದಿನ ಹಿಡಿಯಿತು.

ಮಹೇಶ್ವರಪ್ಪನವರು ಎದ್ದು ನಿಂತು ಏನೋ ಅಂದರು. ತುಟಿ ನೋಡಿದೆ. ಬೈಯುತ್ತಿದ್ದಾರೆ ಎಂದು ತಲೆ ತಗ್ಗಿಸಿ ನಿಂತೆ. ದಾರಿಯಲ್ಲಿ ಕಾಟಮ್ಮ ಕೈ ಹಿಡಿದು ನಿಲ್ಲಿಸಿ, ಬಾಯಿ ದೊಡ್ಡದು ಮಾಡಿ ಹೇಳಿದಳು. ಬೈದದ್ದಲ್ಲವಂತೆ. "ವೈರ್ ಸೇರ್ಸು ಅಂದೋನು ನಾನೇ ಅಲ್ವೇನೋ" ಅಂದರಂತೆ. ನನಗೆ ಅದೂ ಗೊತ್ತಾಗಲಿಲ್ಲ.

ಬಟನ್ ಡಬ್ಬಿ ಆಂಜನೇಯನಿಗೆ ಕೊಟ್ಟರು. ಕಾಟಮ್ಮನ ಕೆಲಸ ಇದೆ, ಆದರೆ ತೊಟ್ಟಿಲು ಕೆಳಗಿಳಿದು ನಿಂತ ಮೇಲೆ ಮಾತ್ರ ಗುಡಿಸಬೇಕು ಎಂದು ಗೋಡೆಗೆ ಬರೆಸಿದ್ದಾರೆ. ನಾನು ಮನೆಯಲ್ಲಿದ್ದೇನೆ.

ಕಿವಿ ಮಂದವಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಆದರೆ ಆ ಟಿಕ್ ಹೋಗಿದೆ ಎಂದು ಗೊತ್ತಿರಲಿಲ್ಲ. ಮಾತು ಹೋದರೂ ಅದು ಇರುತ್ತೆ ಅಂದುಕೊಂಡಿದ್ದೆ. ಮಾತಿಗಿಂತ ಮೊದಲು ನಾನು ಕಲಿತದ್ದೇ ಅದು ಅನ್ನಿಸುತ್ತಿತ್ತು. ಸ್ವಿಚ್ಚನ್ನು ಬೈದೆ, ನಿನ್ನನ್ನು ಬೈದೆ. ನನ್ನ ಕಿವಿಯನ್ನು ಬೈಯಲು ತೋಚಲಿಲ್ಲ.

ಒಂದು ಕೇಳುತ್ತೇನೆ. ಬಾನಕ್ಕ ಅವತ್ತು ಕರೆದಳು ಎಂದೆಯಲ್ಲ. ಏನೆಂದು ಕರೆದಳು? ಅವಳು ಅಂದ ಹಾಗೇ ಬರೆದು ಕಳಿಸು.

ಪಾಲಣ್ಣ


ಹೊನ್ನಾಳಿ
28-11-2024

ಪಾಲಣ್ಣ,

ಈ ಸಲ ಡಬ್ಬಿಯಿಲ್ಲದೆ ಬರೀ ಕಾಗದ ಕೊಟ್ಟೆ. ಕಂಡಕ್ಟರ್, "ಏನ್ ಸಾಬ್ರೆ, ಹೆಣ್ಣು ಒಪ್ಪಿತಾ?" ಅಂದ. "ಹೆಣ್ಣು ಮೊದಲೇ ಒಪ್ಪಿತ್ತಪ್ಪ, ನಮಗೇ ಗೊತ್ತಾಗಿರ್ಲಿಲ್ಲ" ಅಂದೆ.

ಕೆಳಗಿನ ಮಾತು ಶಹರಬಾನು ಹೇಳಿ ಬರೆಸಿದ್ದು. ಒಂದಕ್ಷರ ನಂದಲ್ಲ. ಬರೆಸುವಾಗ ಅವಳು ಅವತ್ತು ನಿಂತ ಹಾಗೇ ಬಾಗಿಲಿಗೆ ಹೋಗಿ ನಿಂತು, ಕೈಯಲ್ಲಿ ತಟ್ಟೆ ಹಿಡಿದು ಹೇಳಿದಳು.

"ಪಾಲಣ್ಣಾ! ಎಲ್ಲಿಗ್ ಹೊಂಟ್ಯೋ? ಬಿರ್ಯಾನಿ ಆರಿ ಹೋಗ್ತೈತೆ, ಬಾರೋ! ಚೂರು ಚೂರು ಮಾಂಸ ಆರಿಸಿ ಇಟ್ಟೀನಿ, ನಿಂಗೆ ಹಲ್ಲು ನೋವು ಅಂತ. ನಿನ್ ತಟ್ಟೆ ನನ್ ಕೈಯಾಗೇ ಐತೆ ನೋಡು!"

ಇಷ್ಟು. ಆಮೇಲೆ ಆ ತಟ್ಟೆಯನ್ನು ಅವಳು ಯಾರಿಗೂ ಕೊಡಲಿಲ್ಲ. ಅದು ಆರಿಹೋಯಿತು.

ಶಿವಮೊಗ್ಗದಲ್ಲಿ ಕಿವಿ ನೋಡುವ ಡಾಕ್ಟರ ಹತ್ತಿರ ಹೋಗೋಣ. ನೀನು ಮನಸ್ಸು ಮಾಡಿದಾಗ ಬರೆ. ಅವಸರ ಮಾಡುವುದಿಲ್ಲ. ಅಂಗಡಿಯಲ್ಲಿ ಮೋಟಾರು ಸುತ್ತುವ ಕೆಲಸ ರಾಶಿ ಬಿದ್ದಿದೆ. ತಾಮ್ರದ ತಂತಿ ಸುತ್ತಲು ಕಣ್ಣು ಬೇಕು, ಬೆರಳು ಬೇಕು, ಕಿವಿ ಬೇಡ. ಮೋಟಾರು ಯಾರನ್ನೂ ಕೂಗುವುದಿಲ್ಲ. ಬೇಕಾದರೆ ಬಾ, ಬೇಡವಾದರೆ ಇಲ್ಲ. ಕನಿಕರದ ಮಾತೆಂದು ತಿಳಿಯಬೇಡ.

ನಿನ್ನ
ನನ್ನೇಸಾಬ


ಹೊನ್ನಾಳಿ
9-2-2025

ಪಾಲಣ್ಣ,

ನೀನು ಎದುರಿಗೇ ಕೂತಿದ್ದೀಯ. ಆದರೂ ಬರೆಯುತ್ತಿದ್ದೇನೆ. ಮಾತಾಡಿದರೆ ನಾನು ಕೂಗಬೇಕು, ಕೂಗಿದರೆ ಬೀದಿಯವರು ಸಾಬಣ್ಣ ಜಗಳಕ್ಕೆ ನಿಂತ ಅಂದುಕೊಳ್ಳುತ್ತಾರೆ. ನಮ್ಮಿಬ್ಬರಿಗೂ ಕಾಗದ ರೂಢಿಯಾಗಿದೆ. ಬಸ್ ಚಾರ್ಜು ಉಳಿಯಿತು, ಅಷ್ಟೇ ವ್ಯತ್ಯಾಸ.

ನಿನ್ನೆ ಶಿವಮೊಗ್ಗದ ಡಾಕ್ಟರು ಹೇಳಿದ್ದು ನಿನಗೆ ಸರಿಯಾಗಿ ತಿಳಿಯಲಿಲ್ಲ. ನಾನೂ ಬಸ್ಸಿನಲ್ಲಿ ಹೇಳಲಿಲ್ಲ, ನೀನು ಕಿಟಕಿಯಾಚೆ ನೋಡುತ್ತಿದ್ದೆ. ಈಗ ಬರೆಯುತ್ತೇನೆ. ವರ್ಷಗಟ್ಟಲೆ ಮೆಷಿನ್ ಸದ್ದು ತಿಂದದ್ದಂತೆ. ಹೋದದ್ದು ವಾಪಸ್ ಬರುವುದಿಲ್ಲ. ಕಿವಿಗೆ ಮೆಷಿನ್ ಹಾಕಿಕೊಂಡರೆ ಹತ್ತಿರದ ಮಾತು ಅಷ್ಟಿಷ್ಟು ಕೇಳಬಹುದು. ನಾನು ಜೇಬಿನಿಂದ ಸ್ವಿಚ್ಚು ತೆಗೆದು ತೋರಿಸಿ, "ಇದರ ಟಿಕ್ ಕೇಳ್ತದಾ ಸಾರ್?" ಅಂದೆ. ಡಾಕ್ಟರು ಅದನ್ನು ಕೈಗೆ ತೆಗೆದುಕೊಂಡು ಒತ್ತಿ ನೋಡಿದರು. ಅಂಥ ಸಣ್ಣ ಚೂಪು ಸದ್ದು ಕಷ್ಟ ಅಂದರು. ನೀನು ಆಗ ಅವರ ತುಟಿ ನೋಡಲಿಲ್ಲ, ಸ್ವಿಚ್ಚನ್ನೇ ನೋಡುತ್ತಿದ್ದೆ. ಬಹುಶಃ ಅಷ್ಟಕ್ಕೇ ನಿನಗೆ ತಿಳಿದಿರಬೇಕು.

ಇಲ್ಲಿ ಬರೆದದ್ದನ್ನು ತಲೆಕೆಳಗಾಗಿ ಓದುತ್ತಿದ್ದೀಯ. ಕಂಡಿದ್ದೇನೆ. ಶಾಲೆಯಲ್ಲಿ ಇಷ್ಟು ಓದಿದ್ದರೆ ನಾವಿಬ್ಬರೂ ಮೇಷ್ಟ್ರಾಗುತ್ತಿದ್ದೆವು.

ಬೆಳಿಗ್ಗೆಯಿಂದ ನೀನು ಸುತ್ತಿದ ಕಾಯಿಲ್ ನೋಡಿದೆ. ಒಂದು ಎಳೆ ಮೇಲೆ ಇನ್ನೊಂದು ಎಳೆ ಹತ್ತಿಲ್ಲ. ಉಸ್ತಾದರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಅವರ ಮಾತಿನಲ್ಲಿ ಒಂದನ್ನು ಮಾತ್ರ ನಾವು ತಿದ್ದಿಕೊಳ್ಳಬೇಕು ಪಾಲಣ್ಣ. ಟಿಕ್ ಅನ್ನಲಿಲ್ಲ ಅಂದರೆ ಸತ್ತಿದೆ ಎಂದು ಅರ್ಥವಲ್ಲ. ಯಾರಿಗೆ ಕೇಳಿಸಲಿಲ್ಲ ಎಂದೂ ನೋಡಬೇಕು. ಅವಳು ಕರೆದಳು, ನಿನಗೆ ಕೇಳಲಿಲ್ಲ. ನೀನು ಕಾದೆ, ನಮಗೆ ಕಾಣಲಿಲ್ಲ. ಎರಡೂ ಕಡೆ ಸ್ವಿಚ್ಚು ಬದುಕಿಯೇ ಇತ್ತು.

ನಾಳೆ ನೀನು ಊರಿಗೆ ಹೋಗುತ್ತೀಯೋ, ಕಾಟಮ್ಮನನ್ನು ಕರೆದುಕೊಂಡು ಇಲ್ಲಿಗೇ ಬರುತ್ತೀಯೋ, ನಾನು ಕೇಳುವುದಿಲ್ಲ. ಕೆಲಸ ಹೋದವನಿಗೆ ಕೆಲಸ ಕೊಟ್ಟೆ ಎಂದು ಯಾರಾದರೂ ಅಂದರೆ ಅವರ ಕಿವಿ ನಾನು...

ತಡಿ. ಒಳಗಿನಿಂದ ಶಹರಬಾನು ಕರೆಯುತ್ತಿದ್ದಾಳೆ. "ಪಾಲಣ್ಣಾ, ಬಾರೋ, ಆರಿ ಹೋಗ್ತೈತೆ" ಅಂತ. ನನ್ನನ್ನಲ್ಲ, ನಿನ್ನನ್ನೇ ಕರೆಯುತ್ತಿದ್ದಾಳೆ. ಎರಡು ಸಲ ಆಯಿತು. ನೀನು ತಂತಿ ನೋಡುತ್ತ ಕೂತಿದ್ದೀಯ. ನಾನು ನಿನ್ನ ಭುಜ ಮುಟ್ಟಲು ಕೈ ಚಾಚಿದೆ, ಅಷ್ಟರಲ್ಲಿ ಅವಳು ಬಾಗಿಲಿಗೇ ಬಂದಳು. ಕೈಯಲ್ಲಿ ತಟ್ಟೆ. ಬೇಡ ಎಂದು ನನಗೆ ಸನ್ನೆ ಮಾಡಿ, ಇನ್ನೊಂದು ಕೈಯನ್ನು ಗೋಡೆಯ ಸ್ವಿಚ್ಚಿಗೆ ಹಾಕಿದಳು.

ನಿನ್ನ ತಲೆಯ ಮೇಲಿನ ಬಲ್ಬು ಆರಿ ಹತ್ತಿತು. ಮತ್ತೆ ಆರಿ ಹತ್ತಿತು.

ನೀನು ತಲೆ ಎತ್ತಿದೆ.

ಏಳು, ಕೈ ತೊಳೆದುಕೊ. ಸಹಿ ಊಟ ಆದಮೇಲೆ ಹಾಕುತ್ತೇನೆ.